ಒಂಟಿಗೈ ಸೇನಾನಿಯ ನಡುಪಟ್ಟಿ

ಬೆಂಗಳೂರಿನ ಪೂರ್ವಕ್ಕೆ, ಹೊಸಕೋಟೆ ತಾಲ್ಲೂಕಿಗೆ ಸೇರಿದ ಅನುಗೊಂಡನಹಳ್ಳಿಯ ಹಳೆಯ ಮನೆಯೊಂದರ ಅಟ್ಟದಲ್ಲಿ ತಗಡಿನ ಪೆಟ್ಟಿಗೆಯೊಂದಿದೆ. ಅದರಲ್ಲಿ ಜಮೀನಿನ ಕಾಗದಪತ್ರಗಳ ಕಟ್ಟಿನ ಕೆಳಗೆ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ತೊಗಲಿನ ಒಂದು ಚೀಲವನ್ನು ಇರಿಸಿದ್ದಾರೆ. ಮನೆಯ ಮಕ್ಕಳು ಅದನ್ನು ಪಿಸ್ತೂಲಿನ ಚೀಲವೆನ್ನುತ್ತಾರೆ. ಪೋಲೀಸಿನವರ ಬಾಯಲ್ಲಿ ಅದು ಹೋಲ್‌ಸ್ಟರು. ಕತ್ತಿಗೆ ಒರೆಯಿರುವಂತೆ ಇದು ರಿವಾಲ್ವರಿನ ಒರೆ. ಒಳಗಿರಬೇಕಾದ ಆಯುಧವು ಎಂದೋ ಎಲ್ಲಿಯೋ ಹೋಗಿದೆ. ಉಳಿದಿರುವುದು ಬರಿಯ ಒರೆ.

ಆ ಮನೆಯ ಹಿರಿಯರು ನನಗೆ ಬಹುಕಾಲದ ಪರಿಚಿತರು. ಅವರ ಮುತ್ತಾತನು ಬೆಂಗಳೂರು ದಂಡಿನ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದನಂತೆ. 1857ರ ದಂಗೆಯಲ್ಲಿ ಕಾದಿದ ದೊರೆಯೊಬ್ಬನು ಮೆಚ್ಚಿ ಕೊಟ್ಟ ವಸ್ತು ಇದು ಎಂದು ಮನೆಯಲ್ಲಿ ಹೇಳಿಕೆ. ಮೊಮ್ಮಗಳ ಓದಿಗೆ ಹಣ ಬೇಕಾಗಿ ಇದನ್ನು ಮಾರುವ ಯೋಚನೆ ಬಂದಾಗ, ಹಳೆಯ ಸಾಮಾನುಗಳ ದಳ್ಳಾಳಿಯೊಬ್ಬನು ಬಂದು ನೋಡಿದನು. ಮುದ್ರೆಯಿಲ್ಲದ ಒರೆಗೆ ಬೆಲೆಯಿಲ್ಲವೆಂದೂ, ಹೆಸರಾದ ಕಾರ್ಖಾನೆಯ ಮುದ್ರೆಯೊಂದನ್ನು ಒತ್ತಿಸಿದರೆ ಹತ್ತು ಪಟ್ಟು ಹಣ ಬರುವುದೆಂದೂ ಆತನು ಸೂಚಿಸಿದನಂತೆ. ಹಿರಿಯರಿಗೆ ಮನಸ್ಸು ಒಪ್ಪಲಿಲ್ಲ. ಬೇಡವೆನ್ನಲು ಧೈರ್ಯವೂ ಸಾಲಲಿಲ್ಲ. ಒರೆಯನ್ನು ನನ್ನ ಮುಂದಿರಿಸಿ, ಇದು ಏನು, ಯಾರದು, ಎಷ್ಟು ಬಾಳುತ್ತದೆ ಎಂದು ಕೇಳಿದರು.

ಸರಕಾರದ ಸ್ವತ್ತಾದ ತೊಗಲ ಸಾಮಾನಿಗೆ ಸಾಮಾನ್ಯವಾಗಿ ಗುರುತು ಇರುತ್ತದೆ. ಬ್ರಿಟಿಷ್ ಸೈನ್ಯದ್ದಾದರೆ ಅಗಲವಾದ ಬಾಣದ ಮುದ್ರೆ. ಹಿಂದೂಸ್ಥಾನದ ಸರಕಾರದ್ದಾದರೆ ಬಾಣದೊಡನೆ ಐ ಎಂಬ ಆಂಗ್ಲ ಅಕ್ಷರ. ತಯಾರಕನ ಹೆಸರೂ ವರ್ಷವೂ ಮುಚ್ಚಳದ ಒಳಮೈಯಲ್ಲೋ ಬೆನ್ನಿನ ಪಟ್ಟಿಯ ಮೇಲೋ ಇರುವುದು ವಾಡಿಕೆ. ಇಲ್ಲಿ ಅಂತಹುದೊಂದೂ ಇಲ್ಲ. ಆದರೆ ಅಕ್ಷರವಿಲ್ಲದ ಮಾತ್ರಕ್ಕೆ ವಸ್ತುವು ಮೂಕವಾಗುವುದಿಲ್ಲ. ಒರೆಯ ಬೆನ್ನಿಗೆ ಅಗಲವಾದ ನಡುಪಟ್ಟಿಯು ನುಸುಳುವಷ್ಟು ದೊಡ್ಡ ಕುಣಿಕೆಯಿದೆ. ಆಯುಧದ ಹಿಡಿಯನ್ನೂ ಮುಚ್ಚುವ ಉದ್ದನೆಯ ಮುಚ್ಚಳವಿದೆ. ಅದನ್ನು ಬಿಗಿಯಲು ಹಿತ್ತಾಳೆಯ ಗುಂಡಿಯಿದೆ. ಇಂತಹ ಒರೆಯು ಒಂಟಿಯಾಗಿ ಹುಟ್ಟಿದುದಲ್ಲ. ಸೊಂಟದ ಪಟ್ಟಿ, ಹೆಗಲಿನ ಪಟ್ಟಿ, ಕತ್ತಿಯ ತೂಗು ಇವುಗಳ ಸಂಸಾರದಲ್ಲಿ ಇದೂ ಒಂದು. ಆ ಸಂಸಾರಕ್ಕೆ ಲೋಕವು ಕೊಟ್ಟ ಹೆಸರು ಸ್ಯಾಮ್ ಬ್ರೌನ್ ಬೆಲ್ಟು. ಎದೆಯ ಮೇಲೆ ಓರೆಯಾಗಿ ಹಾಯ್ದ ಆ ಪಟ್ಟಿಯನ್ನು ಪೋಲೀಸ್ ಅಧಿಕಾರಿಗಳ ಹಳೆಯ ಭಾವಚಿತ್ರಗಳಲ್ಲಿ ಕಾಣದವರು ವಿರಳ. ಆದರೆ ಸ್ಯಾಮ್ ಬ್ರೌನನು ಯಾರು, ಆ ಪಟ್ಟಿಯು ಅವನಿಗೆ ಏಕೆ ಬೇಕಾಯಿತು ಎಂಬುದನ್ನು ಬಲ್ಲವರು ಕಡಮೆ. ಅದನ್ನು ತಿಳಿಯದೆ ಈ ಒರೆಯ ಬೆಲೆಯನ್ನು ಕಟ್ಟಲಾಗದು.

ಸ್ಯಾಮ್ಯುಅಲ್ ಜೇಮ್ಸ್ ಬ್ರೌನನು ಹುಟ್ಟಿದುದು 1824ನೆಯ ಅಕ್ಟೋಬರ್ 3ರಂದು, ವಂಗದೇಶದ ಬ್ಯಾರಕ್‌ಪುರದಲ್ಲಿ. ತಂದೆ ಜಾನ್ ಬ್ರೌನನು ಕಂಪೆನಿ ಸರಕಾರದ ವೈದ್ಯ. ಮುಂದೆ 1857ರ ಮಾರ್ಚಿಯಲ್ಲಿ ಮಂಗಲ ಪಾಂಡೆಯು ಆಂಗ್ಲ ಅಧಿಕಾರಿಗಳ ಮೇಲೆ ಬಂದೂಕನ್ನೆತ್ತಿದುದು ಇದೇ ಊರಿನ ದಂಡಿನಲ್ಲಿ. ಒಂದೇ ಊರು ಎರಡು ಪಕ್ಷಗಳಿಗೂ ಒಬ್ಬೊಬ್ಬ ವೀರನನ್ನು ಕೊಟ್ಟಿತೆನ್ನಬೇಕು.

ಹದಿನಾರು ವರ್ಷ ತುಂಬಿದ ಮೇಲೆ, 1840ರ ಕೊನೆಯಲ್ಲಿ, ಬ್ರೌನನು ಬಂಗಾಳದ ದೇಶೀಯ ಪದಾತಿಯ 46ನೆಯ ದಳದಲ್ಲಿ ಕಿರಿಯ ಅಧಿಕಾರಿಯಾಗಿ ಸೇರಿದನು. ಆತನು ಮೊದಲು ದೊಡ್ಡ ಯುದ್ಧವನ್ನು ಕಂಡದ್ದು ಎರಡನೆಯ ಸಿಖ್ ಯುದ್ಧದಲ್ಲಿ. ರಾಮನಗರ, ಸಾದುಲ್ಲಾಪುರ, ಚಿಲಿಯನ್‌ವಾಲಾ, ಗುಜರಾತ್, ಹೀಗೆ 1848ರಿಂದ 1849ರವರೆಗೆ ಪಂಜಾಬಿನಲ್ಲಿ ನಡೆದ ಕಾಳಗಗಳಲ್ಲಿ ಪಾಲ್ಗೊಂಡನು. ಇಲ್ಲಿ ಗುಜರಾತ್ ಎಂಬುದು ಪಶ್ಚಿಮದ ಪ್ರಾಂತವಲ್ಲ. ಪಂಜಾಬಿನ ಒಂದು ಪಟ್ಟಣ. ಸಿಖ್ಖರ ರಾಜ್ಯವು ಕಂಪೆನಿಯ ವಶವಾದ 1849ರಲ್ಲಿಯೇ, ಹೊಸದಾಗಿ ಕುದುರೆ ದಳವೊಂದನ್ನು ಕಟ್ಟುವ ಕೆಲಸವು ಇಪ್ಪತ್ತೈದರ ಈ ತರುಣನ ಪಾಲಿಗೆ ಬಂದಿತು. ಪಂಜಾಬಿನ ಎರಡನೆಯ ಅಶ್ವದಳವೆನಿಸಿದ ಆ ಪಡೆಯ ಸವಾರರು ದೇಶೀಯರು. ಗಡಿನಾಡಿನ ಕಣಿವೆಗಳಲ್ಲಿ ವರ್ಷಗಟ್ಟಲೆ ಅವರೊಡನೆ ಸವಾರಿಮಾಡಿ, ಬ್ರೌನನು ಕುದುರೆಯ ಮೇಲೆಯೇ ಬಾಳಿದನೆಂದರೆ ತಪ್ಪಾಗದು.

ಆ ಕಾಲದ ಕುದುರೆ ಸವಾರನ ಸಜ್ಜನ್ನು ವಾಚಕರು ಒಮ್ಮೆ ಕಣ್ಣಮುಂದೆ ತಂದುಕೊಳ್ಳಬೇಕು. ಕತ್ತಿಯ ಒರೆಯು ಸೊಂಟದಿಂದ ಎರಡು ಉದ್ದನೆಯ ತೊಗಲ ಪಟ್ಟಿಗಳ ಮೇಲೆ ತೂಗಾಡುತ್ತಿತ್ತು. ನಡೆಯುವಾಗ ಅದು ಕಾಲಿಗೆ ತೊಡರದಂತೆ ಎಡಗೈಯಿಂದ ಹಿಡಿಯಬೇಕು. ಕತ್ತಿಯನ್ನು ಹಿರಿಯುವಾಗಲೂ ಒರೆಯ ಬಾಯನ್ನು ಎಡಗೈಯಿಂದ ಅದುಮಬೇಕು. ಕುದುರೆಯ ಲಗಾಮು ಎಡಗೈಯಲ್ಲಿ, ಕತ್ತಿ ಬಲಗೈಯಲ್ಲಿ. ಸೈನಿಕನ ವಿದ್ಯೆಯೆಲ್ಲ ಎರಡು ಕೈಗಳನ್ನು ನಂಬಿಯೇ ಕಟ್ಟಿದ ವಿದ್ಯೆ.

ಆಂಗ್ಲರು ದಂಗೆಯೆಂದು ಕರೆದ, ನಾವು ಸ್ವಾತಂತ್ರ್ಯ ಸಂಗ್ರಾಮವೆಂದು ನೆನೆಯುವ ಆ ಹೋರಾಟವು 1857ರಲ್ಲಿ ಎದ್ದಾಗ, ಬ್ರೌನನು ತನ್ನ ದಳದೊಡನೆ ಗಂಗಾಬಯಲಿಗೆ ಬಂದನು. 1858ರ ಮಾರ್ಚಿಯಲ್ಲಿ ಲಖನೌ ಕಂಪೆನಿಯ ಕೈಸೇರಿದಾಗ ಆತನು ಅಲ್ಲಿದ್ದನು. ಅನಂತರ ಯುದ್ಧವು ರೋಹಿಲಖಂಡದ ಹೊಲಗದ್ದೆ ಕಾಡುಗಳಿಗೆ ಹರಡಿತು. ಆಗಸ್ಟ್ 31ರಂದು, ಪೀಲಿಭೀತಿನ ಬಳಿಯ ಸೀರ್‌ಪುರವೆಂಬ ಗ್ರಾಮದಲ್ಲಿ ಬಂಡಾಯಗಾರರ ಪಡೆಯೊಂದು ಬೀಡುಬಿಟ್ಟಿತ್ತು. ಕಂಪೆನಿಯ ಪಡೆಯು ಅದರ ಮೇಲೆ ಏರಿಹೋದಾಗ, ಒಂಬತ್ತು ಪೌಂಡಿನ ಗುಂಡನ್ನೆಸೆಯುವ ಫಿರಂಗಿಯೊಂದು ದಾರಿಯನ್ನು ಕಾಯುತ್ತಿತ್ತು. ಅದಕ್ಕೆ ಮತ್ತೆ ಮದ್ದು ತುಂಬಿದರೆ ನಡೆದುಬರುತ್ತಿದ್ದ ಪದಾತಿಗಳ ಸಾಲು ಸಾಲೇ ಬೀಳುತ್ತಿತ್ತು. ಬ್ರೌನನು ತನ್ನ ಜೊತೆಯ ಒಬ್ಬ ಸವಾರನೊಡನೆ ಕುದುರೆಯನ್ನು ಅದರ ಮೇಲೆಯೇ ಹೊಡೆದನು. ಫಿರಂಗಿಯವರು ಮದ್ದು ತುಂಬದಂತೆ ಅವರ ನಡುವೆ ನುಗ್ಗಿ ಕಾದಿದನು. ಆ ಕೈಕೈ ಕಾಳಗದಲ್ಲಿ ಕತ್ತಿಯ ಒಂದು ಹೊಡೆತವು ಎಡ ಮೊಣಕಾಲಿಗೆ ಬಿತ್ತು. ಇನ್ನೊಂದು ಹೊಡೆತವು ಎಡತೋಳನ್ನು ಹೆಗಲಿನ ಬಳಿ ತುಂಡರಿಸಿತು. ಫಿರಂಗಿಯು ಮತ್ತೆ ಹಾರಲಿಲ್ಲ. ಹಿಂದೆ ಬಂದ ಪದಾತಿಯು ಅದನ್ನು ಹಿಡಿದುಕೊಂಡಿತು.

ಈ ಸಾಹಸವನ್ನು ನಾವು ಹೇಗೆ ಕಾಣಬೇಕು? ಆ ಫಿರಂಗಿಯ ಬಳಿ ನಿಂತು ಕಾದಿ ಮಡಿದವರು ನಮ್ಮವರೇ. ತಮ್ಮ ನೆಲದಲ್ಲಿ ನಿಂತು ತಮ್ಮ ಫಿರಂಗಿಯನ್ನು ಬಿಡದೆ ಕಾದ ಅವರ ಧೈರ್ಯವು ಬ್ರೌನನ ಧೈರ್ಯಕ್ಕಿಂತ ಒಂದು ಎಳೆಯೂ ಕಡಮೆಯಾದುದಲ್ಲ. ಅವರ ಹೆಸರುಗಳಾವುವೂ ಉಳಿದು ಬರಲಿಲ್ಲ. ಇನ್ನು ಬ್ರೌನನ ಪಕ್ಕದಲ್ಲಿ ಕುದುರೆಯೋಡಿಸಿದ ಸವಾರನ ಮಾತು. ವಿಕ್ಟೋರಿಯಾ ಕ್ರಾಸೆಂಬ ಪರಮ ಗೌರವವು ಬ್ರೌನನಿಗೆ 1861ರ ಮಾರ್ಚಿ 1ರಂದು ಪ್ರಕಟವಾಯಿತು. ಆ ಪ್ರಕಟಣೆಯಲ್ಲಿ ಸವಾರನ ಉಲ್ಲೇಖವೂ ಇದೆ. ಆದರೆ ಜೊತೆಯಲ್ಲಿದ್ದ ಒಬ್ಬ ಸವಾರನೆಂದು ಮಾತ್ರ. ಹೆಸರಿಲ್ಲ. ಆ ಪದಕವು ದೇಶೀಯ ಸೈನಿಕರಿಗೆ ದೊರೆಯುವಂತಾದುದು 1911ರ ದಿಲ್ಲಿ ದರಬಾರಿನ ಅನಂತರ; ಅವರಲ್ಲಿ ಮೊದಲು ಅದಕ್ಕೆ ಪಾತ್ರನಾದವನು 1914ರ ಯುದ್ಧದಲ್ಲಿ ಕಾದಿದ ಖುದಾದಾದ್ ಖಾನ್. ಒಂದೇ ಫಿರಂಗಿಯ ಮೇಲೆ ಒಟ್ಟಿಗೆ ಏರಿಹೋದ ಇಬ್ಬರಲ್ಲಿ ಒಬ್ಬನ ಮೇಲೆ ಚರಿತ್ರೆಯು ತನ್ನ ಮುದ್ರೆಯನ್ನು ಒತ್ತಿತು. ಮತ್ತೊಬ್ಬನನ್ನು ಮುದ್ರೆಯಿಲ್ಲದೆ ಬಿಟ್ಟಿತು.

ಎಡತೋಳನ್ನು ಕಳೆದುಕೊಂಡಾಗ ಬ್ರೌನನಿಗೆ ಮೂವತ್ತನಾಲ್ಕು ವರ್ಷವೂ ತುಂಬಿರಲಿಲ್ಲ. ಅಂತಹ ಗಾಯವಾದವನು ಪಿಂಚಣಿ ಪಡೆದು ಊರಿಗೆ ಮರಳಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಆತನು ಮರಳಿ ಕುದುರೆಯೇರಲು ನಿಶ್ಚಯಿಸಿದನು. ಆಗ ಎದುರಾದ ತೊಡಕು ಶೌರ್ಯದ್ದಲ್ಲ, ತೊಗಲಿನದು. ತೂಗಾಡುವ ಒರೆಯನ್ನು ಹಿಡಿಯಲು ಎಡಗೈಯಿಲ್ಲ. ಬಲಗೈಯಿಂದ ಕತ್ತಿಯನ್ನೆಳೆದರೆ ಒರೆಯೂ ಅದರ ಹಿಂದೆಯೇ ಬರುತ್ತದೆ.

ಈ ತೊಡಕಿಗೆ ಆತನು ಕಂಡ ಪರಿಹಾರವು ನೋಡಲು ಸುಲಭ. ಸೊಂಟಕ್ಕೆ ಅಗಲವೂ ದಪ್ಪವೂ ಆದ ಒಂದು ಪಟ್ಟಿ. ಅದರ ಎಡಬದಿಯಲ್ಲಿ ಕತ್ತಿಯ ಒರೆಯನ್ನು ಅಲುಗದಂತೆ ಹಿಡಿಯುವ ತೊಗಲ ಕುಣಿಕೆ. ಆ ಭಾರಕ್ಕೆ ಪಟ್ಟಿಯು ಜಗ್ಗದಂತೆ, ಬಲಹೆಗಲಿನ ಮೇಲಿಂದ ಎದೆಯನ್ನು ಓರೆಯಾಗಿ ದಾಟಿ ಎಡ ಸೊಂಟಕ್ಕೆ ಬಂದು ಕೂಡುವ ಕಿರುಪಟ್ಟಿ. ಬಲಬದಿಯಲ್ಲಿ, ಉಳಿದ ಒಂದೇ ಕೈಗೆ ನಿಲುಕುವಂತೆ, ಮುಚ್ಚಳವುಳ್ಳ ರಿವಾಲ್ವರಿನ ಒರೆ. ಕುದುರೆಯು ಕುಣಿದರೂ ಆಯುಧವು ಹೊರಗೆ ಜಾರಬಾರದು, ತನಗೆ ತಾನೇ ಹಾರಲೂಬಾರದು. ಅದಕ್ಕಾಗಿಯೇ ಆ ಮುಚ್ಚಳ, ಆ ಗುಂಡಿ. ಒಂದು ಕೈ ಮಾಡಲಾರದ ಕೆಲಸವನ್ನು ತೊಗಲು ಮಾಡಿತು. ಕತ್ತರಿಸಿಹೋದ ತೋಳಿಗೆ ಬದಲಾಗಿ ಬಂದ ತೋಳೇ ಆ ಪಟ್ಟಿ ಎನ್ನಬಹುದು.

ಎರಡು ಕೈಯಿದ್ದ ಇತರ ಅಧಿಕಾರಿಗಳು ಇದನ್ನು ನೋಡಿದರು. ತಮಗೂ ಇದರಿಂದ ಅನುಕೂಲವೇ ಎಂಬುದು ಅವರಿಗೆ ಹೊಳೆಯಿತು. ಗಡಿನಾಡಿನ ದಳಗಳಿಂದ ಹಿಂದೂಸ್ಥಾನದ ಸೈನ್ಯದೊಳಕ್ಕೆ ಪಟ್ಟಿಯು ಹಬ್ಬಿತು. ನ್ಯೂನತೆಯಿಂದ ಹುಟ್ಟಿದುದು ಕ್ರಮೇಣ ಗತ್ತಿನ ಗುರುತಾಯಿತು.

ಬ್ರೌನನ ಬಾಳು ಮುಂದೆ ಏರುತ್ತಲೇ ಹೋಯಿತು. 1860ರಲ್ಲಿ ಲೂಸಿ ಶೆರ್ವುಡ್ ಎಂಬಾಕೆಯನ್ನು ವಿವಾಹವಾದನು. ಗಡಿನಾಡಿನ ಹೆಸರಾಂತ ಗೈಡ್ಸ್ ದಳಕ್ಕೂ ಕೆಲಕಾಲ ನಾಯಕನಾಗಿದ್ದನು. 1876ರಲ್ಲಿ ಸರ್ ಪದವಿ ಬಂದಿತು. 1878ರಲ್ಲಿ ಎರಡನೆಯ ಆಫ್ಘನ್ ಯುದ್ಧವು ಮೊದಲಾದಾಗ ಪೇಷಾವರದಿಂದ ಹೊರಟ ಸೈನ್ಯಕ್ಕೆ ಆತನೇ ದಂಡನಾಯಕ. ಖೈಬರ್ ಕಣಿವೆಯಲ್ಲಿ ನಿಂತಿದ್ದ ಅಲಿ ಮಸೀದಿಯ ಕೋಟೆಯನ್ನು ನವೆಂಬರ್ 21ರಂದು ಮುತ್ತಿದನು. ಆ ರಾತ್ರಿ ಆಫ್ಘನರು ಕೋಟೆಯನ್ನು ತೆರವು ಮಾಡಿ ಹೋದರು. ಡಿಸೆಂಬರಿನಲ್ಲಿ ಸೈನ್ಯವು ಜಲಾಲಾಬಾದನ್ನು ತಲುಪಿತು. 1879ರ ಮೇ ತಿಂಗಳಿನಲ್ಲಿ ಗಂಡಮಕ್‌ನಲ್ಲಿ ಒಪ್ಪಂದವಾಗಿ ಯುದ್ಧದ ಆ ಘಟ್ಟವು ಮುಗಿಯಿತು. 1888ರಲ್ಲಿ ಆತನಿಗೆ ಪೂರ್ಣ ಜನರಲ್ ಪದವಿ ದೊರೆಯಿತು. ಕೊನೆಗಾಲವನ್ನು ಇಂಗ್ಲೆಂಡಿನ ವೈಟ್ ದ್ವೀಪದ ರೈಡ್ ಎಂಬ ಊರಿನಲ್ಲಿ ಕಳೆದು, 1901ರ ಮಾರ್ಚಿ 14ರಂದು, ತನ್ನ ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಬ್ರೌನನು ತೀರಿಕೊಂಡನು.

ಆತನು ಕಣ್ಮುಚ್ಚುವ ಹೊತ್ತಿಗೆ ದಕ್ಷಿಣ ಆಫ್ರಿಕದ ಬೋಯರ್ ಯುದ್ಧವು ನಡೆಯುತ್ತಿತ್ತು. ಆತನ ಪಟ್ಟಿಯು ಅಲ್ಲಿಯ ಅಧಿಕಾರಿಗಳ ಸೊಂಟವನ್ನೂ ಸೇರಿತ್ತು. 1914ರ ಮಹಾಯುದ್ಧದಲ್ಲಿ ಅದು ಬ್ರಿಟಿಷ್ ಅಧಿಕಾರಿಯ ಲಾಂಛನವೇ ಆಯಿತು. ಅನಂತರ ಅಮೆರಿಕದ ಸೈನ್ಯಕ್ಕೂ, ಹಲವು ದೇಶಗಳ ಪೋಲೀಸಿನವರಿಗೂ ಹಬ್ಬಿತು. ಬ್ರೌನನು ಕಟ್ಟಿದ ಅಶ್ವದಳಕ್ಕೆ 1904ರಲ್ಲಿ ಆತನದೇ ಹೆಸರನ್ನಿಟ್ಟರು. ಆದರೆ ದಳದ ಹೆಸರಿಗಿಂತ ಪಟ್ಟಿಯ ಹೆಸರೇ ಹೆಚ್ಚು ದೂರ ಹೋಯಿತು.

ದೇಹದ ಕುಂದು ಸೈನಿಕನ ಸಜ್ಜನ್ನು ಬದಲಾಯಿಸಿದ ಇನ್ನೊಂದು ಪ್ರಸಂಗವು ನಮ್ಮ ಬೆಂಗಳೂರಿಗೂ ಸಂಬಂಧಿಸಿದುದು. 1896ರಲ್ಲಿ ನಾಲ್ಕನೆಯ ಹುಸಾರ್ ದಳದ ಕಿರಿಯ ಅಧಿಕಾರಿಯಾಗಿ ವಿನ್‌ಸ್ಟನ್ ಚರ್ಚಿಲನು ಬೆಂಗಳೂರು ದಂಡಿಗೆ ಬಂದನು. ಬರುವ ದಾರಿಯಲ್ಲಿ, ಮುಂಬಯಿಯ ಸಸೂನ್ ಧಕ್ಕೆಯಲ್ಲಿ ದೋಣಿಯಿಂದ ಇಳಿಯುವಾಗ, ಅವನ ಬಲಹೆಗಲಿನ ಕೀಲು ತಪ್ಪಿತು. ಆ ನೋವು ಅವನನ್ನು ಬಿಡಲೇ ಇಲ್ಲ. 1898ರ ಸೆಪ್ಟೆಂಬರ್ 2ರಂದು, ಸೂಡಾನಿನ ಓಮ್ಡರ್ಮನ್ ಕಾಳಗದಲ್ಲಿ, ಕತ್ತಿ ಬೀಸಿದರೆ ಹೆಗಲು ಕಳಚೀತೆಂದು ಅವನು ಮೌಸರ್ ಪಿಸ್ತೂಲನ್ನೇ ಹಿಡಿದು ಕುದುರೆಯೋಡಿಸಿದನು. ತನ್ನ ಪ್ರಾಣವುಳಿದುದು ಅದರಿಂದಲೇ ಎಂದು ಮುಂದೆ ನಂಬಿದನು. ಆ ಬಗೆಯ ಪಿಸ್ತೂಲಿನ ಒರೆಯು ತೊಗಲಿನದಲ್ಲ, ಮರದ್ದು. ಬೇಕಾದಾಗ ಅದನ್ನೇ ಹಿಡಿಗೆ ಜೋಡಿಸಿ ಭುಜಕ್ಕೆ ಒತ್ತಿಕೊಳ್ಳಬಹುದಾಗಿತ್ತು. ಒರೆಯ ಆಕಾರವನ್ನು ಹೀಗೆ ಆಯುಧವೂ ಆಳಿನ ದೇಹವೂ ಸೇರಿ ನಿರ್ಣಯಿಸುತ್ತವೆ.

ಈ ತಿಳಿವಿನೊಡನೆ ಅನುಗೊಂಡನಹಳ್ಳಿಯ ಒರೆಗೆ ಮರಳೋಣ.

ತೊಗಲಿಗೆ ನೆನಪಿನ ಶಕ್ತಿ ಹೆಚ್ಚು. ವರ್ಷಗಟ್ಟಲೆ ತನ್ನೊಳಗೆ ಮಲಗಿದ್ದ ಆಯುಧದ ಅಚ್ಚನ್ನು ಅದು ಮರೆಯುವುದಿಲ್ಲ. ಇದರ ಹೊಟ್ಟೆಯಲ್ಲಿ ರಿವಾಲ್ವರಿನ ತಿರುಗುವ ಉರುಳೆಯ ಉಬ್ಬು ಕಾಣುತ್ತದೆ. ಕೆಳಗೆ ನಳಿಗೆಯ ಗೆರೆಯಿದೆ. ಅಳೆದರೆ ಆ ನಳಿಗೆಯು ಆರು ಅಂಗುಲದ್ದು. 1887ರಲ್ಲಿ ಬ್ರಿಟಿಷ್ ಸೈನ್ಯವು ಮೊದಲು ಸ್ವೀಕರಿಸಿದ ವೆಬ್ಲಿ ರಿವಾಲ್ವರಿನ ನಳಿಗೆಯು ನಾಲ್ಕು ಅಂಗುಲ. 1915ರ ವೆಬ್ಲಿಯದು ಆರು. 1932ರ ಎನ್‌ಫೀಲ್ಡಿನದು ಐದು. ಆದ್ದರಿಂದ ಇದರಲ್ಲಿ ಬಹುಕಾಲ ಇದ್ದುದು 1915ರ ಮಾದರಿಯೋ ಅದಕ್ಕೆ ಸಮಾನವಾದುದೋ ಇರಬೇಕು. ಇಷ್ಟರಿಂದಲೇ 1857ರ ಕಥೆಯು ಕಳಚಿಬೀಳುತ್ತದೆ. ಸ್ಯಾಮ್ ಬ್ರೌನ್ ಪಟ್ಟಿಗೆ ಒಪ್ಪುವ ಒರೆಯು ಬ್ರೌನನ ತೋಳು ಬೀಳುವುದಕ್ಕೆ ಮೊದಲೇ ಹುಟ್ಟಿರಲಾರದಷ್ಟೆ.

ಹೊಲಿಗೆಯನ್ನು ನೋಡಿದರೆ ಅದು ಕೈಹೊಲಿಗೆ. ಎರಡು ಸೂಜಿಗಳನ್ನು ಎದುರುಬದುರು ಹಾಯಿಸಿ, ಮೇಣ ಸವರಿದ ದಾರದಿಂದ ಜೀನು ಹೊಲಿಯುವವರು ಹಾಕುವ ಹೊಲಿಗೆ. ಒಂದು ಎಳೆ ಹರಿದರೂ ಸಾಲು ಬಿಚ್ಚುವುದಿಲ್ಲ. ಅಂಚು ಸವೆದಲ್ಲಿ ತೊಗಲಿನ ಒಳಮೈ ಕಂದಾಗಿದೆ. ಆದುದರಿಂದ ಇದು ಮರದ ತೊಗಟೆಯಿಂದ ಹದಮಾಡಿದ ತೊಗಲು. ನಮ್ಮ ಕೋಲಾರ, ಹೊಸಕೋಟೆಯ ಬಯಲಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ ತೊಗಟೆಯು ದಕ್ಷಿಣ ದೇಶದಲ್ಲಿ ತೊಗಲು ಹದಮಾಡುವವರ ಮುಖ್ಯ ಸಾಮಗ್ರಿಯಾಗಿದ್ದಿತು. ಕ್ರೋಮ್ ಲವಣದಿಂದ ಹದಮಾಡಿದ ತೊಗಲಿನ ಒಳಮೈ ನಸುನೀಲಿಗೆ ತಿರುಗುತ್ತದೆ. ಆ ವಿಧಾನವನ್ನು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಮದರಾಸಿನಲ್ಲಿ ಬಳಕೆಗೆ ತಂದವರಲ್ಲಿ ಮುಖ್ಯನಾದ ಆಲ್ಫ್ರೆಡ್ ಚಾಟರ್ಟನ್ನನೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಮುಖ್ಯಾಧಿಕಾರಿಯಾಗಿ ಬಂದನು. ಗುಂಡಿಯ ಬಳಿ ಅಯಸ್ಕಾಂತವನ್ನು ಹಿಡಿದರೆ ಸೆಳೆತವಿಲ್ಲ. ಹಿತ್ತಾಳೆಯು ಬರಿಯ ಲೇಪವಲ್ಲ.

ಹಾಗಾದರೆ ಮುದ್ರೆಯೇಕಿಲ್ಲ? ಇದಕ್ಕೂ ನೇರವಾದ ಸಮಾಧಾನವಿದೆ. ಆ ಕಾಲದ ಅಧಿಕಾರಿಗಳು ತಮ್ಮ ರಿವಾಲ್ವರನ್ನೂ ಪಟ್ಟಿಯನ್ನೂ ಸ್ವಂತ ಹಣದಿಂದ ಕೊಳ್ಳುತ್ತಿದ್ದರು. ಲಂಡನ್ನಿನ ಅಂಗಡಿಯದಾದರೆ ಹೆಸರಿನ ಮುದ್ರೆಯಿರುತ್ತಿತ್ತು; ಕಾನ್ಪುರದ ಸರಕಾರಿ ಕಾರ್ಖಾನೆಯದಾದರೆ ಸರಕಾರದ ಗುರುತು ಬೀಳುತ್ತಿತ್ತು. ದಂಡಿನ ಬೀದಿಯಲ್ಲಿ ಕುಳಿತು ಹೊಲಿಯುವ ಜೀನುಗಾರನಿಗೆ ಮುದ್ರೆಯೆಲ್ಲಿಂದ ಬರಬೇಕು? 1809ರಿಂದ ಬೆಂಗಳೂರಿನಲ್ಲಿ ದಂಡು ನೆಲೆಸಿದ್ದಿತು. ದಂಡಿದ್ದಲ್ಲಿ ಕುದುರೆ, ಕುದುರೆಯಿದ್ದಲ್ಲಿ ಜೀನುಗಾರ. ಅವನ ಕೈಯ ಹೊಲಿಗೆಯೇ ಅವನ ರುಜು. ಅದನ್ನು ಓದುವ ಕಣ್ಣು ನಮಗೆ ಬೇಕು.

ಬೆಲೆಯ ಮಾತನ್ನು ಹಿರಿಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕಾಯಿತು. ಮುದ್ರೆಯಿಲ್ಲದ ಬಿಡಿ ಒರೆಗೆ ಬರುವ ಹಣವು ಸ್ವಲ್ಪವೇ. ಮೊಮ್ಮಗಳ ಓದಿಗೆ ಅದು ಎತ್ತಲೂ ಸಾಲದು. ಒರೆಗೆ ಒಪ್ಪುವ ಪಟ್ಟಿಯೂ ಇದ್ದು, ಇಂತಹವನದೆಂದು ತೋರಿಸುವ ಕಾಗದವೋ ಹಳೆಯ ಚಿತ್ರವೋ ದೊರೆತರೆ ಬೆಲೆಯು ಏರೀತು. ಬಾಯಿಮಾತಿನ ಕಥೆಗೆ ಕೊಳ್ಳುವವನು ಕಾಸನ್ನೂ ಸೇರಿಸಲಾರ. ಅಂಗಡಿಯವರು ಕೇಳುವ ಬೆಲೆಯನ್ನಲ್ಲ, ಹರಾಜಿನಲ್ಲಿ ನಿಜವಾಗಿ ಕೊಟ್ಟ ಬೆಲೆಯನ್ನು ನೋಡಿಯೇ ಅಳೆಯಬೇಕು. ನೂರು ವರ್ಷ ತುಂಬಿದ ಇಂತಹ ವಸ್ತುವಾದರೆ 1972ರ ಪ್ರಾಚ್ಯವಸ್ತುಗಳ ಕಾನೂನು ಅಡ್ಡಬರುವುದರಿಂದ, ಹೊರದೇಶದವರಿಗೆ ಕಳುಹಿಸುವ ಆಸೆಯನ್ನೂ ಬಿಡಬೇಕು. ಒರೆಗೆ ಎಣ್ಣೆ ಸುರಿಯಬಾರದು, ಬಣ್ಣ ಹಚ್ಚಬಾರದು. ಹಳೆಯ ತೊಗಲು ಕೆಂಪು ಪುಡಿಯಾಗಿ ಉದುರತೊಡಗಿದರೆ ಎಣ್ಣೆಯಿಂದ ಅದು ನಿಲ್ಲುವುದಿಲ್ಲ. ಒಣಗಿದ ಮೆದು ಬಟ್ಟೆಯಿಂದ ಧೂಳು ಒರಸಿ, ತೇವವೂ ಬಿಸಿಲೂ ತಾಕದೆಡೆಯಲ್ಲಿ, ಆಕಾರ ಕುಸಿಯದಂತೆ ಒಳಗೆ ಕಾಗದವನ್ನು ತುಂಬಿಟ್ಟರೆ ಸಾಕು.

ದಳ್ಳಾಳಿಯ ಮುದ್ರೆಯ ಸೂಚನೆಗೆ ಉತ್ತರವು ಈ ಕಥೆಯಲ್ಲಿಯೇ ಇದೆ. ಹೊಸ ಮುದ್ರೆಯು ಹಳೆಯ ತೊಗಲಿನ ಎಳೆಗಳನ್ನು ಮುರಿದು ಹಸಿಗಾಯದಂತೆ ತೋರುತ್ತದೆ. ಬಲ್ಲವನ ಕಣ್ಣಿಗೆ ಅದು ಮರೆಯಾಗದು. ಮರೆಯಾದರೂ ಅದು ಸಲ್ಲದು. ಸೀರ್‌ಪುರದ ಸವಾರನಿಗೆ ಚರಿತ್ರೆಯು ಹೆಸರು ಕೊಡಲಿಲ್ಲವೆಂದು ನಾವಾಗಿ ಒಂದು ಹೆಸರನ್ನು ಕಟ್ಟಿದರೆ, ಅವನಿಗೆ ಮತ್ತೊಮ್ಮೆ ಅನ್ಯಾಯ ಮಾಡಿದಂತೆ. ಈ ಒರೆಯನ್ನು ಹೊಲಿದ ಜೀನುಗಾರನ ಕೆಲಸದ ಮೇಲೆ ಪರದೇಶದ ಕಾರ್ಖಾನೆಯ ಹೆಸರನ್ನು ಒತ್ತುವುದೂ ಅಂತಹುದೇ. ಅವನ ಗುರುತಿಲ್ಲದಿರುವಿಕೆಯೇ ಅವನ ಗುರುತು. ಅದನ್ನು ಅಳಿಸಿದರೆ ಉಳಿಯುವುದು ಸುಳ್ಳು.

ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. 1857ರ ದೊರೆಯ ಕಥೆಯು ಹೋದುದಕ್ಕೆ ಅವರಿಗೆ ಕೊಂಚ ವ್ಯಸನವಾದಂತೆ ಕಂಡಿತು. ಅನಂತರ ಮೊಮ್ಮಗಳನ್ನು ಕರೆದು, ಒಂದು ಹಾಳೆಯ ಮೇಲೆ ಒರೆಯ ಅಳತೆ, ಹೊಲಿಗೆಯ ಬಗೆ, ನಳಿಗೆಯ ಉದ್ದ, ಮುತ್ತಾತನು ಲಾಯದಲ್ಲಿದ್ದ ಸಂಗತಿ, ಇಷ್ಟನ್ನು ಬರೆಯಿಸಿದರು. ತಯಾರಿಸಿದವನ ಹೆಸರಿನ ಎದುರಿಗೆ ಜಾಗವನ್ನು ಖಾಲಿ ಬಿಡಿಸಿದರು. ಹಾಳೆಯನ್ನು ಮಡಿಸಿ ಒರೆಯೊಳಗಿರಿಸಿ ಗುಂಡಿ ಹಾಕಿದರು. ಓದಿಗೆ ಬೇರೆ ದಾರಿಯನ್ನು ನೋಡಿಕೊಳ್ಳುವುದಾಗಿಯೂ, ದಳ್ಳಾಳಿಯು ಮತ್ತೆ ಬಂದರೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳುಹಿಸುವುದಾಗಿಯೂ ಹೇಳಿ, ಪೆಟ್ಟಿಗೆಯನ್ನು ಮರಳಿ ಅಟ್ಟಕ್ಕೆ ಏರಿಸಿದರು.